ಮಂಗೋಲರ ನೌಕಾಪಡೆ ಜಪಾನಿನಲ್ಲಿ ಸೋತದ್ದು ಗಾಳಿಯಿಂದಲೇ? 1274 ಮತ್ತು 1281ರ ಆಕರಗಳನ್ನು ತೂಗುವುದು ಹೇಗೆ?

ಓಲೆಗರಿ

ಕುಬ್ಲಾಯ್ ಖಾನನ ಪಡೆ ಜಪಾನಿನ ಮೇಲೆ ಎರಡು ಸಲ ಏರಿಹೋಯಿತು. ಎರಡೂ ಸಲ ಬಿರುಗಾಳಿ ಎದ್ದು ಹಡಗುಗಳು ಮುಳುಗಿದವು, ಜಪಾನ್ ಉಳಿಯಿತು ಎಂಬುದು ಪಠ್ಯಪುಸ್ತಕದಿಂದ ಕ್ವಿಜ್‌ವರೆಗೆ ಎಲ್ಲ ಕಡೆ ಓಡಾಡುವ ಮಾತು. ಈಚೆಗೆ ಕೆಲವರು 1274ರಲ್ಲಿ ಬಿರುಗಾಳಿಯೇ ಇರಲಿಲ್ಲ ಎನ್ನುತ್ತಿದ್ದಾರೆ. ನನ್ನ ತಕರಾರು ಇಷ್ಟೇ: ಜಪಾನಿನ ಬರಹಗಳು, ಕೊರಿಯಾದ ಗೊರ್ಯೊ ರಾಜ್ಯದ ಚರಿತ್ರೆ, ಚೀನಾವನ್ನು ಆಳಿದ ಕುಬ್ಲಾಯನದೇ ಯುವಾನ್ ವಂಶದ ಚರಿತ್ರೆ ಮೂರರಲ್ಲೂ ಗಾಳಿಯ ಮಾತಿದೆ. ಒಬ್ಬರನ್ನೊಬ್ಬರು ಕಡಿದಾಡಿದವರು ಒಂದೇ ಮಾತು ಹೇಳಿದರೆ ಅದು ನಿಜ ಇರಲೇಬೇಕಲ್ಲವೇ? ಆಕರಗಳ ಪರಿಚಯ ಇರುವವರು ಬಿಡಿಸಿ ಹೇಳಿ.

ಕಡಲದಾರಿ

ಎರಡು ದಂಡಯಾತ್ರೆಗಳನ್ನು ಮೊದಲು ಬೇರೆಬೇರೆ ಕಡತ ಮಾಡಿ. ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ. 1281ರ ಗಾಳಿಗೆ ಇರುವ ಪುರಾವೆಯನ್ನು 1274ಕ್ಕೂ ಸಾಲ ಕೊಟ್ಟುಬಿಟ್ಟಿದ್ದಾರೆ.

ಇನ್ನು ‘ಶತ್ರುಗಳು ಒಪ್ಪಿದರೆ ನಿಜ’ ಎಂಬ ಸೂತ್ರ. ಅದು ನಡೆಯುವುದು ಆ ಶತ್ರುಗಳ ಲಾಭಗಳು ಎದುರುಬದುರು ಇದ್ದಾಗ ಮಾತ್ರ. ಗಾಳಿಯ ವಿಷಯದಲ್ಲಿ ಹಾಗಿಲ್ಲ. ಸೋತು ಬಂದ ಯುವಾನ್ ಸೇನಾಪತಿಗೆ ಗಾಳಿ ಒಳ್ಳೆಯ ನೆಪ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಜಪಾನಿನ ದೇವಾಲಯಗಳಿಗೆ ಅದು ಪ್ರಾರ್ಥನೆ ಫಲಿಸಿದ್ದಕ್ಕೆ ಸಾಕ್ಷಿ, ಅದನ್ನು ತೋರಿಸಿ ಆಗ ಜಪಾನನ್ನು ಆಳುತ್ತಿದ್ದ ಕಾಮಾಕುರಾದ ಯೋಧ ಸರ್ಕಾರದಿಂದ ಭೂಮಿ, ಗೌರವ ಕೇಳಬಹುದು. ಯುವಾನರ ಜೊತೆ ದಂಡು ಕಳಿಸಿದ್ದ ಗೊರ್ಯೊದವರಿಗೆ ‘ನಮ್ಮ ದಂಡು ಕಾದಾಟದಲ್ಲಿ ಕುಗ್ಗಲಿಲ್ಲ’ ಎನ್ನುವ ದಾರಿ. ಗಾಳಿಯಿಂದ ನಷ್ಟ ಆಗುವುದು ಒಂದೇ ವರ್ಗಕ್ಕೆ: ಯುದ್ಧ ಮಾಡಿ ಬಹುಮಾನ ಕಾಯುತ್ತಿದ್ದ ಜಪಾನಿ ಯೋಧರಿಗೆ. ಆದ್ದರಿಂದ ಮೂವರ ಒಪ್ಪಿಗೆ ಇಲ್ಲಿ ಮೂರು ಸಾಕ್ಷಿಗಳಷ್ಟು ತೂಗುವುದಿಲ್ಲ.

ಅದಿರಲಿ, 1274ಕ್ಕೆ ಮೂವರೂ ಒಪ್ಪುತ್ತಾರೆ ಎಂಬುದೇ ಸರಿಯಲ್ಲ. ಒಂದೊಂದಾಗಿ ನೋಡಿ.

‘ಯುವಾನ್ ಶಿ’, ಅಂದರೆ ಯುವಾನರ ಅಧಿಕೃತ ಚರಿತ್ರೆ. ಅದರ ಜಪಾನ್ ಅಧ್ಯಾಯದಲ್ಲಿ 1274ರ ಬಗ್ಗೆ ಇರುವುದು ಒಂದು ಗಿಡ್ಡ ಸಾಲು: ಆ ನಾಡಿಗೆ ಹೊಕ್ಕು ಸೋಲಿಸಿದರು, ಆದರೆ ಪಡೆಯಲ್ಲಿ ಕ್ರಮ ಇರಲಿಲ್ಲ, ಬಾಣಗಳೂ ಮುಗಿದಿದ್ದವು, ಸುತ್ತಲ ಸೀಮೆ ಸೂರೆಮಾಡಿ ಹಿಂದಿರುಗಿದರು. ಗಾಳಿಯ ಸುದ್ದಿಯೇ ಇಲ್ಲ. ನೆಪ ಕೈಗೆ ಸಿಗುವಂತಿದ್ದೂ ಅದನ್ನು ಬಿಟ್ಟು ತಮ್ಮ ಶಿಸ್ತಿನ ಕೊರತೆಯನ್ನು ಬರೆದುಕೊಂಡಿದ್ದಾರೆ. ಹೇಳುವವನಿಗೇ ಮುಜುಗರ ತರುವ ಮಾತು, ತೂಕ ಜಾಸ್ತಿ.

‘ಗೊರ್ಯೊಸಾ’ 1451ರಲ್ಲಿ ಪೂರ್ತಿಯಾದ ಗ್ರಂಥ, ಆದರೆ ಹಳೆಯ ಆಸ್ಥಾನ ದಾಖಲೆಗಳ ಮೇಲೆ ನಿಂತದ್ದು. ಅದು ಕೊಡುವ ಕ್ರಮ ಗಮನಿಸಿ. ಯುವಾನ್ ದಂಡನಾಯಕ ಲಿಯು ಫುಹೆಂಗ್ ಬಾಣ ತಗುಲಿ ಮೊದಲು ಹಡಗು ಹತ್ತುತ್ತಾನೆ. ಸಂಜೆ ಸಮಾಲೋಚನೆ. ಗೊರ್ಯೊ ಸೇನಾಪತಿ ಕಿಮ್ ಬಾಂಗ್‌ಗ್ಯೊಂಗ್ ಕಾದಾಡೋಣ ಎನ್ನುತ್ತಾನೆ. ಮುಖ್ಯ ಸೇನಾಪತಿ ಶಿಂದು, ದಣಿದ ಪಡೆಯನ್ನು ಶತ್ರುನಾಡಿನ ಒಳಕ್ಕೆ ನುಗ್ಗಿಸುವುದು ಜಾಣತನವಲ್ಲ ಎಂದು ಹಿಂದಿರುಗಲು ತೀರ್ಮಾನಿಸುತ್ತಾನೆ. ಆ ರಾತ್ರಿ ಗಾಳಿ ಮಳೆ, ಹಡಗುಗಳು ಬಂಡೆಗೆ ಬಡಿದು ಒಡೆಯುತ್ತವೆ. ತೀರ್ಮಾನ ಮೊದಲು, ಗಾಳಿ ಆಮೇಲೆ. ಗಾಳಿ ಹೊಡೆದದ್ದು ಹೊರಟು ನಿಂತ ಪಡೆಯನ್ನು. ದಂಡಯಾತ್ರೆ ಅಷ್ಟರಲ್ಲೇ ಮುಗಿದಿತ್ತು.

‘ಕಾನ್‌ಚೂಕಿ’ ಕ್ಯೋಟೋದ ಆಸ್ಥಾನಿಕ ಕಾದೆನೊಕೋಜಿ ಕಾನೆನಾಕಾನ ದಿನಚರಿ. ಅದೇ ಕಾಲದ್ದು, ಆದರೆ ಅದೇ ಜಾಗದ್ದಲ್ಲ. ಕ್ಯೂಶೂ ದ್ವೀಪದ ಹಕಾತಾ ಬಂದರಿನಲ್ಲಿ ಕಾದಾಟ ನಡೆದದ್ದು ಜಪಾನಿನ ಪಂಚಾಂಗದ ಹತ್ತನೇ ತಿಂಗಳ 20ಕ್ಕೆ. ಈತ ಬರೆಯುವುದು ಹನ್ನೊಂದನೇ ತಿಂಗಳ 6ಕ್ಕೆ, ‘ಯಾರೋ ಹೇಳಿದರು’ ಎಂಬ ಒಕ್ಕಣೆಯಲ್ಲಿ. ಹತ್ತಾರು ಸಾವಿರ ಹಡಗುಗಳಿದ್ದವು, ಎದುರುಗಾಳಿ ಬೀಸಿ ಅವನ್ನು ತಮ್ಮ ನಾಡಿಗೇ ಅಟ್ಟಿತು, ಕೆಲವು ದಡಕ್ಕೆ ಏರಿದವು ಎಂಬ ಸುದ್ದಿ. ಹಡಗಿನ ಸಂಖ್ಯೆ ಎಷ್ಟು ಹಿಗ್ಗಿದೆ ನೋಡಿದರೆ ಸುದ್ದಿ ಎಷ್ಟು ಬಾಯಿ ದಾಟಿ ಬಂದಿದೆ ಎಂದು ಗೊತ್ತಾಗುತ್ತದೆ. ಗಾಳಿಯ ಮಾತೂ ಅದೇ ಬಾಯಿಗಳನ್ನು ದಾಟಿ ಬಂದದ್ದು.

‘ಹಾಚಿಮಾನ್ ಗುದೋಕುನ್’ ಹಾಚಿಮಾನ್ ದೇವರ ಮಹಿಮೆ ಸಾರಲು ಹದಿನಾಲ್ಕನೇ ಶತಮಾನದ ಆರಂಭದಲ್ಲಿ ಆದ ಬರಹ. ಅಲ್ಲಿ ರಾತ್ರಿ ಹಾಕೊಜಾಕಿ ದೇಗುಲದ ಉರಿಯೊಳಗಿಂದ ಬಿಳಿಬಟ್ಟೆಯ ಮೂವತ್ತು ಮಂದಿ ಬಾಣ ಬಿಡುತ್ತಾ ಬರುತ್ತಾರೆ, ಶತ್ರು ಬೆದರಿ ಓಡುತ್ತಾನೆ. ಬೆಳಿಗ್ಗೆ ನೋಡಿದರೆ ಕೊಲ್ಲಿ ಖಾಲಿ, ಶಿಕಾ ದ್ವೀಪದ ಬಳಿ ಒಂದು ಹಡಗು ಮಾತ್ರ ಸಿಕ್ಕಿಕೊಂಡಿದೆ. ಬಿರುಗಾಳಿ ಇಲ್ಲಿಯೂ ಇಲ್ಲ.

ನಿಧಾನಿ

ಚೆನ್ನಾಗಿದೆ, ಆದರೆ ಒಂದು ಎಚ್ಚರ. ಗೊರ್ಯೊಸಾದ ಗಾಳಿಯನ್ನು ‘177 ವರ್ಷ ತಡವಾಗಿ ಬರೆದದ್ದು’ ಎಂದು ತಳ್ಳಲು ಹೋಗಬೇಡಿ. ಸಂಕಲನದ ವರ್ಷ ಬೇರೆ, ಒಳಗಿನ ಸಾಮಗ್ರಿಯ ವಯಸ್ಸು ಬೇರೆ. ಯುವಾನ್ ಶಿ ಕೂಡ ಮಿಂಗ್ ಅರಸರ ಕಾಲದಲ್ಲಿ, 1369–70ರಲ್ಲಿ, ಎರಡು ಕಂತಿನಲ್ಲಿ ಒಟ್ಟು ಒಂದು ವರ್ಷಕ್ಕೂ ಕಡಿಮೆ ಅವಧಿಯಲ್ಲಿ ಹೊಲಿದ ಗ್ರಂಥ. ಅವಸರಕ್ಕೆ ಅದನ್ನು ಬೈಯುವವರು ಬಹಳ. ನನಗೆ ಆ ಅವಸರವೇ ವರವಾಗಿ ಕಾಣುತ್ತದೆ: ಒಂದಕ್ಕೊಂದು ಹೊಂದದ ಹೇಳಿಕೆಗಳನ್ನು ತಿದ್ದಿ ನಯಮಾಡಲು ಸಂಪಾದಕರಿಗೆ ಪುರಸೊತ್ತಿರಲಿಲ್ಲ.

ಇನ್ನು ಗಾಳಿಯ ದಿಕ್ಕು. ಪಡೆ ಹೊರಟದ್ದು ಕೊರಿಯಾದ ಹಪ್ಪೊದಿಂದ, ಅದು ಹಕಾತಾಕ್ಕೆ ವಾಯವ್ಯದಲ್ಲಿದೆ. ಹಕಾತಾ ಕೊಲ್ಲಿಯ ಬಾಯಿಯೂ ವಾಯವ್ಯಕ್ಕೇ. ಕಾನ್‌ಚೂಕಿ ಹೇಳುವಂತೆ ಗಾಳಿ ಅವರನ್ನು ಊರಿಗೆ ಅಟ್ಟಬೇಕಾದರೆ ಅದು ಆಗ್ನೇಯ ಅಥವಾ ದಕ್ಷಿಣದಿಂದ ಬೀಸಬೇಕು. ಚಳಿಗಾಲ ಕಾಲಿಡುವ ಆ ಋತುವಿನ ಗಾಳಿ ಬರುವುದು ವಾಯವ್ಯದಿಂದ. ಅದು ಜೋರಾಗಿದ್ದರೆ ಕೊಲ್ಲಿಯೊಳಗಿನ ಹಡಗುಗಳೆಲ್ಲ ಜಪಾನಿನ ದಡಕ್ಕೇ ಬಂದು ರಾಶಿ ಬೀಳಬೇಕಿತ್ತು. ಸಿಕ್ಕಿದ್ದು ಒಂದು. ಹಾಗಾಗಿ ಗೊರ್ಯೊಸಾದ ಬಂಡೆಗಳು ಹಕಾತಾದವಲ್ಲ, ಹಿಂದಿರುಗುವ ದಾರಿಯವು ಎಂದು ನನ್ನ ಅಂದಾಜು. ಸಾಬೀತಾದ ಮಾತಲ್ಲ, ಭೂಗೋಳಕ್ಕೆ ಹೊಂದುವ ಊಹೆ.

1274ರ ಪಡೆಗೆ ಎಲ್ಲರೂ ಹೇಳುವ ‘900 ಹಡಗು’ ಎಂಬುದನ್ನೂ ಬಿಡಿಸಿ ಓದಿ. ಯುವಾನ್ ಶಿ ಪ್ರಕಾರ ದೊಡ್ಡ ಹಡಗು 300, ಚುರುಕಾಗಿ ದಡಕ್ಕೆ ಓಡುವ ದೋಣಿ 300, ನೀರು ಹೊರುವ ಸಣ್ಣ ದೋಣಿ 300. ಸಮುದ್ರ ದಾಟುವ ಭಾರ ಹೊತ್ತದ್ದು ಮೊದಲ ಮುನ್ನೂರು. ಜನರ ಲೆಕ್ಕವೂ ಹಾಗೇ: ಯುವಾನ್ ಶಿಯ 15,000 ವಸಂತದಲ್ಲಿ ಹೊರಟ ಆಜ್ಞೆಯ ಸಂಖ್ಯೆ; ಗೊರ್ಯೊಸಾದಲ್ಲಿ ಹೊರಡುವಾಗ 25,000 ಮಂಗೋಲ–ಚೀನೀ ಸೈನಿಕರು, 8,000 ಗೊರ್ಯೊ ಸೈನಿಕರು, 6,700 ನಾವಿಕರು. ಒಂದು ಯೋಜನೆಯ ಲೆಕ್ಕ, ಇನ್ನೊಂದು ನಾವಿಕರನ್ನೂ ಕೂಡಿಸಿದ ಹಾಜರಿ. ಎರಡನ್ನೂ ಪಕ್ಕಪಕ್ಕ ಇಟ್ಟು ಒಂದು ಸುಳ್ಳು ಎನ್ನುವುದು ಸುಲಭದ ತಪ್ಪು.

ಹಿಂದಿರುಗದವರು 13,500ಕ್ಕೂ ಹೆಚ್ಚು ಎನ್ನುತ್ತದೆ ಗೊರ್ಯೊಸಾ. ಹೊರಟ 39,700 ಜನರಲ್ಲಿ ಮೂರನೇ ಒಂದು ಪಾಲು. ಆದರೆ ಅದು ‘ಹಿಂದಿರುಗದವರ’ ಲೆಕ್ಕ, ‘ಗಾಳಿಗೆ ಸತ್ತವರ’ ಲೆಕ್ಕವಲ್ಲ. ದಾರಿಯ ದ್ವೀಪಗಳಾದ ತ್ಸುಶಿಮಾ, ಇಕಿ, ಆಮೇಲೆ ಹಕಾತಾ, ಈ ಮೂರು ಕಡೆಯ ಕಾದಾಟ, ಕಾಯಿಲೆ, ಮುಳುಗಡೆ ಎಲ್ಲ ಅದರೊಳಗೇ ಇವೆ.

ಅಧಿಕಮಾಸ

ದಿನಾಂಕದ ಬಗ್ಗೆ ಯಾರೂ ಎತ್ತಿಲ್ಲ, ನಾನು ಎತ್ತುತ್ತೇನೆ.

ಹಕಾತಾದ ಕಾದಾಟವನ್ನು ಪುಸ್ತಕಗಳಲ್ಲಿ 1274ರ ನವೆಂಬರ್ 19 ಎಂದು ಕಾಣುತ್ತೀರಿ. ಅದು ಜೂಲಿಯನ್ ಲೆಕ್ಕ, ಅಂದರೆ ಯುರೋಪಿನ ಹಳೆಯ ಕ್ಯಾಲೆಂಡರು. ಆ ಶತಮಾನಕ್ಕೆ 7 ದಿನ ಕೂಡಿಸಿದರೆ ಈಗಿನ ಕ್ಯಾಲೆಂಡರಿನ ನವೆಂಬರ್ 26. ಹವಾಮಾನದ ಮಾತಾಡುವಾಗ ಎರಡನೆಯದನ್ನೇ ಬಳಸಬೇಕು, ಯಾಕೆಂದರೆ ಟೈಫೂನ್ ಎಂಬ ಚಂಡಮಾರುತದ ಋತು ಸೂರ್ಯನನ್ನು ಅನುಸರಿಸುತ್ತದೆ. ನವೆಂಬರ್ ಕೊನೆಗೆ ಕ್ಯೂಶೂ ಮೇಲೆ ಟೈಫೂನ್ ಬಡಿಯುವುದು ಅಪರೂಪದಲ್ಲಿ ಅಪರೂಪ. 1958ರಲ್ಲಿ ಹವಾಮಾನ ವಿಜ್ಞಾನಿ ಅರಾಕಾವಾ ಹಿದೆತೋಶಿ ಇದೇ ವಾದದಿಂದ 1274ರ ಟೈಫೂನ್ ಕಥೆಯನ್ನು ಪ್ರಶ್ನಿಸಿದರು. ಆದರೆ ಟೈಫೂನ್ ಇಲ್ಲ ಅಂದಮಾತ್ರಕ್ಕೆ ಗಾಳಿಯೇ ಇಲ್ಲ ಅಂತಲ್ಲ. ಚಳಿಗಾಲದ ವಾಯುಭಾರ ಕುಸಿತವೊಂದು ಹಾದುಹೋದರೂ ಮುಂದೆ ದಕ್ಷಿಣದ ಗಾಳಿ ಮಳೆ, ಹಿಂದೆ ವಾಯವ್ಯದ ರಭಸ ಇರುತ್ತದೆ. ಕಾನ್‌ಚೂಕಿ ಮತ್ತು ಗೊರ್ಯೊಸಾ ಎರಡಕ್ಕೂ ಅಷ್ಟು ಸಾಕು.

1281ಕ್ಕೆ ಬಂದರೆ ಇನ್ನೊಂದು ತೊಡಕು. ಆ ವರ್ಷ ಜಪಾನಿನ ಪಂಚಾಂಗದಲ್ಲಿ ಏಳನೇ ತಿಂಗಳಿಗೆ ಅಧಿಕಮಾಸ ಬಂತು, ಯುವಾನರಲ್ಲಿ ಎಂಟನೆಯದಕ್ಕೆ. ಹಾಗಾಗಿ ಜಪಾನಿನ ದಾಖಲೆಯ ‘ಅಧಿಕ ಏಳನೇ ತಿಂಗಳ 1’ ಮತ್ತು ಯುವಾನ್ ಶಿಯ ‘ಎಂಟನೇ ತಿಂಗಳ 1’ ಒಂದೇ ದಿನ: ಜೂಲಿಯನ್ ಲೆಕ್ಕದ ಆಗಸ್ಟ್ ನಡುಭಾಗ. ಇದು ಗೊತ್ತಿಲ್ಲದೆ ಎರಡು ಬಿರುಗಾಳಿ ಎಣಿಸಿದವರನ್ನು ನೋಡಿದ್ದೇವೆ.

ಓಲೆಗರಿ

ಹಾಗಾದರೆ 1281ರ ಗಾಳಿಯೂ ಕಟ್ಟುಕಥೆಯೇ? ಅದೇ ಲಾಭದ ಲೆಕ್ಕ ಅಲ್ಲಿಗೂ ಅನ್ವಯಿಸುತ್ತದಲ್ಲ ಸರ್.

ಕಡಲದಾರಿ

ಇಲ್ಲ. ಲಾಭ ಇದ್ದವನು ಹೇಳಿದ್ದೆಲ್ಲ ಸುಳ್ಳಾಗುವುದಿಲ್ಲ. ಲಾಭವಿಲ್ಲದ ಸಾಕ್ಷಿ ಹುಡುಕಬೇಕು ಅಷ್ಟೇ. 1281ಕ್ಕೆ ಅಂಥ ಸಾಕ್ಷಿ ಇದ್ದಾನೆ, ಅದೂ ಯುವಾನ್ ಶಿಯೊಳಗೇ.

ಹಿನ್ನೆಲೆ ಬೇಗ ಹೇಳಿಬಿಡುತ್ತೇನೆ. ಕೊರಿಯಾದಿಂದ ಪೂರ್ವದ ಪಡೆ, 40,000 ಜನ, 900 ಹಡಗು. ದಕ್ಷಿಣ ಚೀನಾದಿಂದ ಫಾನ್ ವೆನ್‌ಹು ಮುಂದಾಳತ್ವದಲ್ಲಿ ದಕ್ಷಿಣದ ಪಡೆ, 1,00,000 ಜನ, 3,500 ಹಡಗು. ಇವರಲ್ಲಿ ಬಹುಪಾಲು ಕೆಲವೇ ವರ್ಷ ಹಿಂದೆ ಸೋತ ಸೋಂಗ್ ರಾಜ್ಯದ ಸೈನಿಕರು. ಆರನೇ ತಿಂಗಳ 15ಕ್ಕೆ ಇಕಿ ದ್ವೀಪದಲ್ಲಿ ಕೂಡಬೇಕೆಂದು ಒಪ್ಪಂದ. ದಕ್ಷಿಣದ ಪಡೆ ತಡವಾಗಿ ಹೊರಟಿತು. ಕೊನೆಗೆ ಏಳನೇ ತಿಂಗಳಲ್ಲಿ ಕ್ಯೂಶೂವಿನ ವಾಯವ್ಯದ ದ್ವೀಪಗಳಾದ ಹಿರಾದೊ, ತಕಾಶಿಮಾ ಕಡೆ ಕೂಡಿಕೊಂಡರು. ಆಮೇಲೆ ಗಾಳಿ.

ಯುವಾನ್ ಶಿ ಎರಡು ಹೇಳಿಕೆಗಳನ್ನು ಒಂದರ ಹಿಂದೊಂದು ಇಡುತ್ತದೆ. ಮೊದಲನೆಯದು ಹಿಂದಿರುಗಿದ ಅಧಿಕಾರಿಗಳ ವರದಿ: ಕ್ಯೂಶೂವಿನ ಆಡಳಿತ ಕೇಂದ್ರ ದಜೈಫು ಮೇಲೆ ಏರಿಹೋಗಬೇಕೆಂದಿದ್ದೆವು, ಬಿರುಗಾಳಿ ಹಡಗು ಒಡೆಯಿತು, ಆದರೂ ಕಾದಾಡಲು ಚರ್ಚಿಸುತ್ತಿದ್ದೆವು, ಕೆಳಗಿನ ಕೆಲವು ನಾಯಕರು ಆಜ್ಞೆ ಮೀರಿ ಓಡಿಹೋದರು, ಉಳಿದ ಪಡೆಯನ್ನು ಹಪ್ಪೊಗೆ ತಂದು ಅವರವರ ಊರಿಗೆ ಕಳಿಸಿದೆವು. ಓಡಿಹೋದವರ ಹೆಸರುಗಳನ್ನೂ ಕೊಟ್ಟಿದ್ದಾರೆ.

ಎರಡನೆಯದು ಸ್ವಲ್ಪ ದಿನದ ಮೇಲೆ ಜಪಾನಿನಿಂದ ತಪ್ಪಿಸಿಕೊಂಡು ಬಂದ ಯು ಚಾಂಗ್ ಎಂಬ ಸೈನಿಕನ ಮಾತು. ಎಂಟನೇ ತಿಂಗಳ 1ಕ್ಕೆ ಗಾಳಿ ಹಡಗು ಒಡೆಯಿತು. 5ಕ್ಕೆ ಫಾನ್ ವೆನ್‌ಹು ಮೊದಲಾದವರು ಗಟ್ಟಿಮುಟ್ಟಾದ ಹಡಗುಗಳನ್ನು ಆರಿಸಿಕೊಂಡು ಹೋದರು, ಲಕ್ಷಕ್ಕೂ ಮಿಕ್ಕ ಸೈನಿಕರನ್ನು ಬೆಟ್ಟದ ಬುಡದಲ್ಲಿ ಬಿಟ್ಟರು. ಬಿಟ್ಟವರು ಮರ ಕಡಿದು ಹಡಗು ಕಟ್ಟಿ ಮರಳಲು ನೋಡುತ್ತಿದ್ದಾಗ 7ಕ್ಕೆ ಜಪಾನಿಗಳು ಮೇಲೆ ಬಿದ್ದರು. ಉಳಿದ ಇಪ್ಪತ್ತು ಮೂವತ್ತು ಸಾವಿರ ಜನ ಸೆರೆಯಾದರು. ಅವರಲ್ಲಿ ಮಂಗೋಲರನ್ನು, ಕೊರಿಯನ್ನರನ್ನು, ಉತ್ತರದ ಚೀನೀಯರನ್ನು ಜಪಾನಿಗಳು ಕೊಂದರು. ದಕ್ಷಿಣದವರನ್ನು ಕೊಲ್ಲದೆ ಆಳು ಮಾಡಿಕೊಂಡರು.

ಈಗ ತೂಗಿ. ಯು ಚಾಂಗನಿಗೆ ಸೇನಾಪತಿಗಳನ್ನು ಕಾಪಾಡುವ ಗರಜಿಲ್ಲ, ಅವರ ಮಾನ ಕಳೆಯುತ್ತಿದ್ದಾನೆ. ಆದರೂ ಗಾಳಿಯನ್ನು ಅಲ್ಲಗಳೆಯುವುದಿಲ್ಲ. ಅಧಿಕಾರಿಗಳ ವರದಿಯಲ್ಲಿ ಅವನ ಕೈಗೆ ಸಿಕ್ಕಿ ಉಳಿದ ಮಾತು ಅದೊಂದೇ. ಆದ್ದರಿಂದ 1281ರ ಗಾಳಿ ನಿಂತಿತು. ‘ಉಳಿದ ಪಡೆಯನ್ನು ತಂದು ಊರಿಗೆ ಕಳಿಸಿದೆವು’ ಎಂಬ ಮಾತು ಬಿತ್ತು.

ಪಡೆ ನಾಶವಾದದ್ದಕ್ಕೆ ಗಾಳಿ ಎಷ್ಟು ಹೊಣೆ ಎಂಬ ಪ್ರಶ್ನೆ ಆಮೇಲೂ ಉಳಿಯುತ್ತದೆ. ಗಾಳಿ ಆದ ಮೇಲೆ ನಾಲ್ಕು ದಿನ ಹಡಗುಗಳಿದ್ದವು, ಸೇನಾಪತಿಗಳಿದ್ದರು, ಲಕ್ಷ ಜನ ಜೀವಂತ ದಡದಲ್ಲಿದ್ದರು.

ಹಳೇಪುಟ

ಯು ಚಾಂಗನನ್ನು ಪರೀಕ್ಷಿಸಲು ಹೊರಗಿನ ಸಾಕ್ಷಿ ಇದೆ. ಕ್ಯೂಶೂವಿನ ಹಿಗೋ ಪ್ರಾಂತದ ಯೋಧ ತಾಕೆಜಾಕಿ ಸುಎನಾಗಾ ತಾನು ಮಾಡಿದ ಸಾಹಸಗಳ ಚಿತ್ರಸುರುಳಿ ಬರೆಸಿದ್ದ. ಅದರಲ್ಲಿ ಅಧಿಕ ಏಳನೇ ತಿಂಗಳ 5ಕ್ಕೆ ಅವನು ತಕಾಶಿಮಾ ಕಡೆಯ ಸಮುದ್ರದಲ್ಲಿ ಶತ್ರುವಿನ ಹಡಗು ಹತ್ತಿ ಕಾದುತ್ತಾನೆ. ಮೇಲಿನ ಅಧಿಕಮಾಸದ ಲೆಕ್ಕ ಹಾಕಿ: ಯು ಚಾಂಗ್ ಹೇಳಿದ, ಸೇನಾಪತಿಗಳು ಕಾಲ್ಕಿತ್ತ ದಿನವೇ. ಒಬ್ಬ ಸೆರೆಯಿಂದ ಓಡಿಬಂದ ಚೀನೀ ಸೈನಿಕ, ಇನ್ನೊಬ್ಬ ಬಹುಮಾನ ಬೇಡುವ ಜಪಾನಿ ಯೋಧ. ಒಬ್ಬರ ಬರಹ ಇನ್ನೊಬ್ಬರು ನೋಡುವ ಸಾಧ್ಯತೆ ಇಲ್ಲ, ಲಾಭವೂ ಒಂದೇ ಅಲ್ಲ. ಗಾಳಿಯ ನಾಲ್ಕು ದಿನದ ಮೇಲೂ ಅಲ್ಲಿ ಜನ ತುಂಬಿದ ಹಡಗುಗಳಿದ್ದವು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ಬೇಡ.

ಆದರೆ ಅಂಕಿಯಲ್ಲಿ ಯು ಚಾಂಗನನ್ನು ನಂಬಬೇಡಿ. ಅವನ ಹೇಳಿಕೆಯ ಕೊನೆಗೆ ಯುವಾನ್ ಶಿ, ಆಮೇಲೆ ಇನ್ನಿಬ್ಬರು ತಪ್ಪಿಸಿಕೊಂಡು ಬಂದರು, ಲಕ್ಷ ಜನರಲ್ಲಿ ಮರಳಿದವರು ಮೂವರೇ ಎಂದು ಸೇರಿಸುತ್ತದೆ. ಅದು ಸಂಪಾದಕರ ಉದ್ಗಾರ. ಹಡಗು ಹತ್ತಿ ಹೋದ ಸೇನಾಪತಿಗಳ ಜೊತೆ ಹೋದವರನ್ನು ಅದು ಎಣಿಸಿಯೇ ಇಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವವರು ಅದನ್ನೇ ಇಂದಿಗೂ ಹಂಚುತ್ತಿದ್ದಾರೆ.

ಗೊರ್ಯೊಸಾದ ಲೆಕ್ಕದ ಗುಣವೇ ಬೇರೆ: ಸೈನಿಕರು 9,960, ಚುಕ್ಕಾಣಿಗರು ಮತ್ತು ನಾವಿಕರು 17,029, ಜೀವಂತ ಮರಳಿದವರು 19,397. ಕೂಡಿಸಿದರೆ ಹೊರಟವರು 26,989, ಕಳೆದುಹೋದವರು 7,592. ಬಿಡಿ ಅಂಕಿಗಳು, ಮೊತ್ತ ಹೊಂದುತ್ತದೆ, ಗುಂಡು ಸಂಖ್ಯೆಗಳಿಲ್ಲ. ದಂಡಿಗೆ ಜನ, ಧಾನ್ಯ ಒದಗಿಸಿ ಅದರ ಭಾರವನ್ನು ಯುವಾನರ ಮುಂದೆ ತೋರಿಸಬೇಕಿದ್ದ ಆಡಳಿತ ಇಟ್ಟ ಲೆಕ್ಕ ಎಂಬ ವಾಸನೆ ಬರುತ್ತದೆ. ನಷ್ಟ ಶೇಕಡಾ 28. ಅದರಲ್ಲೂ ಗಾಳಿಗೆ ಮುಂಚೆಯೇ ಸಾಂಕ್ರಾಮಿಕ ರೋಗದಿಂದ ಪೂರ್ವದ ಪಡೆಯಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ಸತ್ತರೆಂದು ಅದೇ ಗ್ರಂಥ ಹೇಳುತ್ತದೆ.

ಗೊರ್ಯೊಸಾದ ಓರೆಯನ್ನೂ ಹೇಳಬೇಕಲ್ಲ. 1274ರ ಸಮಾಲೋಚನೆಯಲ್ಲಿ ಕಾದಾಡೋಣ ಎನ್ನುವವನು ಕಿಮ್ ಬಾಂಗ್‌ಗ್ಯೊಂಗ್. 1281ರಲ್ಲಿ ಹಡಗು ಕೊಳೆಯುತ್ತಿವೆ, ಧಾನ್ಯ ತೀರುತ್ತಿದೆ, ಹಿಂದಿರುಗೋಣ ಎಂದು ಶಿಂದು ಮತ್ತು ಹೊಂಗ್ ದಾಗು ಅಂದಾಗ ‘ಮೂರು ತಿಂಗಳ ಧಾನ್ಯ ತಂದಿದ್ದೇವೆ, ಇನ್ನೂ ಒಂದು ತಿಂಗಳದ್ದಿದೆ, ದಕ್ಷಿಣದ ಪಡೆಗೆ ಕಾಯೋಣ’ ಎನ್ನುವವನೂ ಅವನೇ. ಪ್ರತಿ ಸಲ ಗಂಡುಮಾತು ಆಡುವವನು ಗೊರ್ಯೊದವನು, ಹಿಂಜರಿಯುವವರು ಯುವಾನ್ ಕಡೆಯವರು. ನಡುವಿನ ವರ್ಷಗಳಲ್ಲಿ ಇದೇ ಹೊಂಗ್ ದಾಗು ಕಿಮ್ ಮೇಲೆ ರಾಜದ್ರೋಹದ ಆರೋಪದಲ್ಲಿ ಚಿತ್ರಹಿಂಸೆ ಕೊಡಿಸಿದ್ದ. ಸಂಭಾಷಣೆಯನ್ನು ಅರ್ಧ ಬೆಲೆಗೆ ಕೊಳ್ಳಿ. ಆದರೆ ‘ಧಾನ್ಯ ಒಂದು ತಿಂಗಳಿಗೆ ಉಳಿದಿತ್ತು, ಹಡಗು ಕೊಳೆಯುತ್ತಿತ್ತು’ ಎಂಬ ಬಿಡಿ ವಿವರ ಯಾರ ಹೊಗಳಿಕೆಗೂ ಬೇಕಾದದ್ದಲ್ಲ, ಪೂರ್ತಿ ಬೆಲೆ ಕೊಡಬಹುದು.

ಬಿಸಿಲುಕೋಲು

ಸುಎನಾಗಾನ ಸುರುಳಿಯಲ್ಲಿ ಬಿರುಗಾಳಿಯ ಚಿತ್ರವೇ ಇಲ್ಲ ಅಂತ ಓದಿದ್ದೆ. ಹಾಗಾದರೆ ಗಾಳಿ ಇರಲಿಲ್ಲ ಅನ್ನಬಹುದಲ್ಲ?

ಹಳೇಪುಟ

ಅನ್ನಲಾಗದು. ಮೌನ ಪುರಾವೆ ಆಗಬೇಕಾದರೆ ಬರೆದವನಿಗೆ ಆ ವಿಷಯ ಗೊತ್ತಿರಬೇಕು, ಹೇಳಲು ಕಾರಣವೂ ಇರಬೇಕು. ಸುಎನಾಗಾನಿಗೆ ಗೊತ್ತಿತ್ತು, ಹೇಳುವ ಕಾರಣ ಇರಲಿಲ್ಲ. ಬಹುಮಾನ ಕೇಳುವ ಯೋಧ ತಾನು ಮೊದಲು ನುಗ್ಗಿದೆ, ಶತ್ರುವಿನ ತಲೆ ಕಡಿದು ತಂದೆ, ಇಂಥವರು ಕಣ್ಣಾರೆ ಕಂಡ ಸಾಕ್ಷಿಗಳು ಎಂದು ಬರೆಯಬೇಕು. 1275ರಲ್ಲಿ ಅವನು ಬಹುಮಾನ ಸಿಗಲಿಲ್ಲವೆಂದು ಕಾಮಾಕುರಾವರೆಗೆ ಹೋಗಿ ಬಹುಮಾನದ ಹೊಣೆ ಹೊತ್ತ ಅಧಿಕಾರಿ ಆದಾಚಿ ಯಾಸುಮೋರಿಯ ಮುಂದೆ ಅಹವಾಲು ಹೇಳಿ ಭೂಮಿ, ಕುದುರೆ ಪಡೆದ. ಗಾಳಿ ಶತ್ರುವನ್ನು ಕೊಂದಿತು ಎಂದು ಅವನೇ ಬರೆದುಕೊಂಡರೆ ಅವನ ಪಾಲು ಕರಗುತ್ತದೆ.

1274ರ ಬಗ್ಗೆ ಹಾಚಿಮಾನ್ ಗುದೋಕುನ್‌ನ ಮೌನಕ್ಕೆ ತೂಕ ಹೆಚ್ಚು. ದೇವರ ಮಹಿಮೆಗೆ ಬಿರುಗಾಳಿಗಿಂತ ಒಳ್ಳೆಯ ಸರಕು ಬೇಕೇ? ಆದರೂ ಪೂರ್ತಿ ತೂಕ ಕೊಡಲಾರೆ. ಬಿಳಿಬಟ್ಟೆಯ ಬಿಲ್ಲಾಳುಗಳೆಂಬ ಇನ್ನೊಂದು ಪವಾಡ ಕೈಯಲ್ಲಿದ್ದವನಿಗೆ ಗಾಳಿ ಅನಿವಾರ್ಯ ಅಲ್ಲ.

ಸುರುಳಿಯನ್ನು ಬಳಸುವಾಗ ಇನ್ನೆರಡು ಎಚ್ಚರ. ಪುಷ್ಪಿಕೆಯಲ್ಲಿ, ಅಂದರೆ ಸುರುಳಿಯ ಕೊನೆಯ ಒಕ್ಕಣೆಯಲ್ಲಿ, ಏನಿನ್ ಶಕೆ 1ನೇ ವರ್ಷ, ಎರಡನೇ ತಿಂಗಳ 9 ಎಂದಿದೆ, ಅಂದರೆ 1293. ಆದರೆ ಆ ಶಕೆ ಶುರುವಾದದ್ದೇ ಆ ವರ್ಷದ ಎಂಟನೇ ತಿಂಗಳಲ್ಲಿ. ಎರಡನೇ ತಿಂಗಳಲ್ಲಿ ಕೂತು ಬರೆದವನಿಗೆ ಆ ಹೆಸರು ಗೊತ್ತಿರಲಾರದು. ಪುಷ್ಪಿಕೆ ಆಮೇಲೆ ಬರೆದದ್ದು ಅಥವಾ ಹಿಂದಿನ ದಿನಾಂಕ ಹಾಕಿದ್ದು. ಎರಡನೆಯದು, ಹಾಳೆಗಳು ಕಳಚಿ ಮರುಜೋಡಣೆ ಆಗಿವೆ, ಕೆಲವು ಕಳೆದಿವೆ. ಎಲ್ಲರೂ ಹಂಚುವ ಆ ಪ್ರಸಿದ್ಧ ಚಿತ್ರ, ಬಾಂಬು ಸಿಡಿಯುವ, ಮೂವರು ಮಂಗೋಲರು ಬಿಲ್ಲೆತ್ತಿ ನಿಂತ ಭಾಗ, ಅದರಲ್ಲಿ ಆ ಮೂವರು ನಂತರದ ಸೇರ್ಪಡೆ ಎಂಬ ಅನುಮಾನ ಬಲವಾಗಿದೆ. ಮಂಗೋಲರ ಉಡುಪಿಗೆ, ಆಯುಧಕ್ಕೆ ಅದೊಂದನ್ನೇ ಆಧಾರ ಮಾಡಿಕೊಳ್ಳಬೇಡಿ.

ಮರಳುತಳ

ಬಾಂಬು ಮಾತ್ರ ನಿಜವಿತ್ತು. ತಕಾಶಿಮಾ ಸಮುದ್ರತಳದಲ್ಲಿ ಸುಮಾರು 14 ಸೆಂಟಿಮೀಟರ್ ವ್ಯಾಸದ ಮಣ್ಣಿನ ಸಿಡಿಗುಂಡುಗಳು ಸಿಕ್ಕಿವೆ. ಚಿತ್ರ ತಿದ್ದಿದ್ದಾರೋ ಎಂಬುದು ಒಂದು ಪ್ರಶ್ನೆ, ಚಿತ್ರದಲ್ಲಿರುವ ವಸ್ತು ಇತ್ತೋ ಎಂಬುದು ಬೇರೆಯೇ ಪ್ರಶ್ನೆ.

ಸಮುದ್ರತಳದ ಸಾಕ್ಷ್ಯ ಎಲ್ಲಿಯವರೆಗೆ ಮಾತಾಡುತ್ತದೆ ಎಂದು ಹೇಳುತ್ತೇನೆ, ಪುರಾತತ್ವ ಅಂದ ಕೂಡಲೇ ಕೊನೆಯ ತೀರ್ಪು ಎಂದುಕೊಳ್ಳುವ ಚಾಳಿ ಇದೆ.

1974ರಲ್ಲಿ ತಕಾಶಿಮಾ ದಡದಲ್ಲಿ ಕಂಚಿನ ಮುದ್ರೆಯೊಂದು ಸಿಕ್ಕಿತು. ಯುವಾನರ ಅಧಿಕೃತ ಲಿಪಿಯಾದ ಫಾಗ್ಸ್-ಪಾದಲ್ಲಿ ಸೇನಾ ಅಧಿಕಾರಿಯ ಹುದ್ದೆ ಕೊರೆದಿದೆ, ಹಿಂಬದಿಯ ವರ್ಷ 1277ಕ್ಕೆ ಸಮ. ಅಂದರೆ 1274ರ ಪಡೆಯದ್ದಾಗಿರಲು ಸಾಧ್ಯವೇ ಇಲ್ಲ. ಇಷ್ಟು ನಿಖರವಾಗಿ ಕಾಲ ಕಟ್ಟಿಕೊಡುವ ವಸ್ತು ಅಪರೂಪ.

1994ರಿಂದ ತಕಾಶಿಮಾದ ಕೊಜಾಕಿ ಬಂದರಿನಲ್ಲಿ ಮರದ ಲಂಗರುಗಳು, ಅವುಗಳ ಕಲ್ಲಿನ ಭಾರ, ಹಗ್ಗದ ಸಮೇತ ಸಿಕ್ಕವು. ದೊಡ್ಡದೊಂದರ ಪೂರ್ತಿ ಉದ್ದ 7 ಮೀಟರಿಗೂ ಹೆಚ್ಚಿರಬೇಕೆಂದು ಅಂದಾಜು. ಮುಖ್ಯವಾದದ್ದು ಗಾತ್ರವಲ್ಲ: ಹಲವು ಲಂಗರು ಒಂದೇ ದಿಕ್ಕಿಗೆ ಮಣ್ಣು ಕಚ್ಚಿವೆ, ಹಗ್ಗ ದಡದ ಕಡೆಗೆ ಎಳೆದಿದೆ. ಹಲವು ಹಡಗುಗಳನ್ನು ಒಟ್ಟಿಗೆ ದಡದತ್ತ ನೂಕಿದ ಒತ್ತಡ ಇದು. ಸಮುದ್ರತಳದಲ್ಲಿ ಗಾಳಿಯ ಗುರುತಿಗೆ ಅತಿ ಹತ್ತಿರದ ಪುರಾವೆ ಇದೇ.

2011ರಲ್ಲಿ ಸುಮಾರು 23 ಮೀಟರ್ ಆಳದ ನೀರಿನಲ್ಲಿ, ಕೆಸರಿನ ಕೆಳಗೆ, ಒಂದು ಹಡಗಿನ ತಳ ಗುರುತಿಸಿದರು: ಕೀಲ್ ಎಂಬ ಬೆನ್ನುಮರ ಸುಮಾರು 12 ಮೀಟರ್. ಮರುವರ್ಷ ಆ ಜಾಗವನ್ನು ರಾಷ್ಟ್ರೀಯ ಐತಿಹಾಸಿಕ ತಾಣ ಮಾಡಿದರು, ಜಪಾನಿನಲ್ಲಿ ನೀರಿನಡಿಯ ಮೊದಲ ತಾಣ. ‘ಚಪ್ಪಟೆ ತಳದ ನದಿ ದೋಣಿಗಳಲ್ಲಿ ಬಂದಿದ್ದರು, ಅದಕ್ಕೇ ಮುಳುಗಿದರು’ ಎಂಬ ಜನಪ್ರಿಯ ಕಥೆಗೆ ಈ ಬೆನ್ನುಮರ ಉತ್ತರ. ಎಲ್ಲ ಹಡಗೂ ಹೀಗಿದ್ದವು ಅಂತಲ್ಲ. 3,500ರಲ್ಲಿ ಕಂಡದ್ದು ಬೆರಳೆಣಿಕೆ.

ಮರದ ಚೂರುಗಳಲ್ಲಿ ಮೊಳೆತೂತುಗಳು ಪಕ್ಕಪಕ್ಕ ಒತ್ತಾಗಿರುವುದನ್ನು ನೋಡಿ ‘ಹಳೇ ಮರ ಬಳಸಿ ಕಳಪೆ ಕಟ್ಟಿದ್ದರು’ ಎನ್ನುತ್ತಾರೆ. ಹಳೇ ಮರ, ರಿಪೇರಿ ಎಂಬಷ್ಟು ಒಪ್ಪುತ್ತೇನೆ. ಅಲ್ಲಿಂದ ಕಳಪೆ ಎಂಬಲ್ಲಿಗೆ ಹಾರಲಾರೆ. ರಿಪೇರಿ ಎಲ್ಲ ಕಾಲದ ಹಡಗಿನಲ್ಲೂ ಇರುತ್ತದೆ. ಚೂರುಗಳು ಸಣ್ಣವಾಗಿರುವುದಕ್ಕೆ ಬಿರುಗಾಳಿಯೇ ಬೇಕಿಲ್ಲ, ಏಳು ಶತಮಾನದ ಮರಹುಳು, ಅಲೆ, ಮೀನುಬಲೆ ಸಾಕು.

ಹಕಾತಾದಲ್ಲಿ ‘ಮಂಗೋಲ್ ಲಂಗರುಕಲ್ಲು’ ಎಂದು ದೇಗುಲಗಳ ಅಂಗಳದಲ್ಲಿ ತೋರಿಸುವ ಉದ್ದನೆಯ ಕಲ್ಲುಗಳನ್ನು 1274ರ ಪುರಾವೆ ಮಾಡಬೇಡಿ. ಅವು ಒಂದೇ ಕಲ್ಲಿನವು. ತಕಾಶಿಮಾದವು ಎರಡು ತುಂಡಿನವು. ಹಕಾತಾ ಸೋಂಗ್ ಕಾಲದ ದೊಡ್ಡ ವ್ಯಾಪಾರಿ ಬಂದರು, ಆ ಕಲ್ಲುಗಳಲ್ಲಿ ಬಹುಪಾಲು ವ್ಯಾಪಾರಿ ಹಡಗುಗಳವೆಂದೇ ಈಗ ನೋಡುತ್ತಾರೆ.

ನಿಧಾನಿ

ಕೆರೆ ಹೂಳಿನ ಅಧ್ಯಯನವನ್ನೂ ಹೆಸರಿಸಬೇಕು. ಕ್ಯೂಶೂವಿನ ಪಶ್ಚಿಮ ಕರಾವಳಿಯ ಕೆರೆಗಳ ಹೂಳಿನಲ್ಲಿ ಆ ಕಾಲದ ಸುಮಾರಿಗೆ ಸಮುದ್ರ ನುಗ್ಗಿದ ಪದರಗಳು ಸಿಕ್ಕಿವೆ, ಆ ಶತಮಾನದಲ್ಲಿ ಟೈಫೂನ್ ಕಾಟ ಹೆಚ್ಚಿತ್ತು ಎಂದು ವಾದ. ಪದರದ ಕಾಲ ದಶಕಗಳ ಅಂತರದಲ್ಲಿ ನಿಲ್ಲುತ್ತದೆ. ಇಂಥ ಗಾಳಿ ಸಾಧ್ಯವಿತ್ತು ಎನ್ನುತ್ತದೆ, ಇಂಥ ದಿನ ಬೀಸಿತು ಎನ್ನಲಾರದು.

ಕಡಲದಾರಿ

ಹೌದು. ನನಗೆ ಇದರಲ್ಲಿ ದೊಡ್ಡ ಪ್ರಶ್ನೆ ಬೇರೆ: ಆಗಸ್ಟ್ ನಡುಭಾಗದಲ್ಲಿ, ಟೈಫೂನ್ ಋತುವಿನ ನಟ್ಟನಡುವೆ, ಅಷ್ಟು ದೊಡ್ಡ ಪಡೆ ಇನ್ನೂ ಹಡಗಿನಲ್ಲೇ, ತಕಾಶಿಮಾ ಇರುವ ಇಮಾರಿ ಕೊಲ್ಲಿಯ ಬಾಯಲ್ಲಿ ಲಂಗರು ಹಾಕಿಕೊಂಡು ಯಾಕಿತ್ತು? ಅದಕ್ಕೆ ಉತ್ತರ ಗಾಳಿಯಲ್ಲಿಲ್ಲ. 1276ರಲ್ಲಿ ಹಕಾತಾ ಕೊಲ್ಲಿಯ ಸುತ್ತ ಸುಮಾರು 20 ಕಿಲೋಮೀಟರ್ ಕಲ್ಲುಗೋಡೆ ಕಟ್ಟಿದ್ದರು, ಎತ್ತರ ಎರಡು ಮೂರು ಮೀಟರ್. ಪೂರ್ವದ ಪಡೆಗೆ ಅಲ್ಲಿ ಇಳಿಯಲಾಗದೆ ಶಿಕಾ ದ್ವೀಪದಲ್ಲಿ ಸಿಕ್ಕಿಕೊಂಡಿತು. ಜಪಾನಿಗಳು ಸಣ್ಣ ದೋಣಿಗಳಲ್ಲಿ ಬಂದು ಹಡಗು ಹತ್ತಿ ಕಡಿಯುತ್ತಿದ್ದರು. ದಕ್ಷಿಣದ ಪಡೆ ತಡವಾಯಿತು, ಹೊರಡುವ ಮುಂಚೆ ಫಾನ್ ವೆನ್‌ಹುಗೂ ಮೇಲಿದ್ದ ಅದರ ಮುಖ್ಯ ಸೇನಾಪತಿ ಕಾಯಿಲೆ ಬಿದ್ದು ಬದಲಾಗಬೇಕಾಯಿತು. ಗೋಡೆಯ ಅವಶೇಷ ಇಂದಿಗೂ ನೆಲದ ಮೇಲಿದೆ, ಅದಕ್ಕೆ ಯಾರ ಲಾಭದ ಲೆಕ್ಕವೂ ಬೇಡ. ಹಡಗು ಹೇಗೆ ಒಡೆಯಿತು ಎಂಬುದಕ್ಕೆ ಗಾಳಿ ಉತ್ತರ. ದಂಡಯಾತ್ರೆ ಯಾಕೆ ಸೋತಿತು ಎಂದರೆ ಮೇ ತಿಂಗಳಿಂದ ಲೆಕ್ಕ ಹಾಕಬೇಕು.

ಬಿಸಿಲುಕೋಲು

ಮೂಲ ಭಾಷೆ ಬಾರದ ನಮ್ಮಂಥವರು ಇದನ್ನೆಲ್ಲ ಪರಿಶೀಲಿಸುವುದು ಹೇಗೆ ಸರ್?

ಹಳೇಪುಟ

ಒಂದು ಹಾಳೆ ಅಡ್ಡ ಮಾಡಿ ಗೆರೆ ಎಳೆಯಿರಿ. ಒಂದೊಂದು ಹೇಳಿಕೆಗೆ ಒಂದು ಸಾಲು. ಒಂದೊಂದು ಗ್ರಂಥಕ್ಕಲ್ಲ, ಯಾಕೆಂದರೆ ಯುವಾನ್ ಶಿಯೊಳಗೇ ಒಂದಕ್ಕೊಂದು ಹೊಂದದ ಎರಡು ಹೇಳಿಕೆ ಇರುವುದನ್ನು ನೋಡಿದಿರಿ. ಯಾರು ಕಂಡದ್ದು, ಯಾರಿಂದ ಕೇಳಿದ್ದು, ಯಾವಾಗ ಹೇಳಿದ್ದು, ಯಾವಾಗ ಗ್ರಂಥಕ್ಕೆ ಸೇರಿದ್ದು, ಯಾರನ್ನು ಒಪ್ಪಿಸಲು ಹೇಳಿದ್ದು ಎಂದು ಬರೆಯಿರಿ. ಆಮೇಲೆ ‘ಈ ಮಾತಿನಿಂದ ಹೇಳಿದವನಿಗೆ ಏನು ನಷ್ಟ’ ಎಂಬ ಕಾಲಂ. ಆ ಕಾಲಂ ತುಂಬಿದ ಸಾಲುಗಳೇ ನಿಮ್ಮ ಬೆನ್ನೆಲುಬು. ದಿನಾಂಕವನ್ನು ಮೂಲ ಪಂಚಾಂಗದಲ್ಲೇ ಬರೆದು ಪಕ್ಕದಲ್ಲಿ ಪರಿವರ್ತಿಸಿ. ಅನುವಾದ ಎರಡಿದ್ದರೆ ‘ಬಿರುಗಾಳಿ’, ‘ಟೈಫೂನ್’, ‘ಎದುರುಗಾಳಿ’ ಎಲ್ಲಿ ಬದಲಾಗಿದೆ ನೋಡಿ. ಟೈಫೂನ್ ಎಂದು 1274ಕ್ಕೆ ಬರೆದಿದ್ದರೆ ಅದು ಅನುವಾದಕರ ಕೈವಾಡ.

ಕೆಲವು ಚೌಕ ಖಾಲಿ ಉಳಿಯುತ್ತವೆ, ಉಳಿಯಲಿ ಬಿಡಿ.

ಓಲೆಗರಿ

ಎಲ್ಲರಿಗೂ ಧನ್ಯವಾದ. ಕೊನೆಯ ಸಂಶಯ: 1281ರ ಸಾವಿನ ಸಂಖ್ಯೆ ಒಂದೇ ಸಾಲಿನಲ್ಲಿ ಬರೆಯಬೇಕಾದರೆ ಏನು ಬರೆಯಲಿ?

ಹಳೇಪುಟ

ಒಂದು ಸಂಖ್ಯೆ ಬರೆಯಬೇಡಿ. ಗೊರ್ಯೊ ಪಾಲಿಗೆ 26,989ರಲ್ಲಿ 19,397 ಜನ ಮರಳಿದರು ಎಂದು ಆಕರದ ಹೆಸರು ಸಮೇತ ಬರೆಯಿರಿ. ದಕ್ಷಿಣದ ಪಡೆಗೆ ‘ಹೆಚ್ಚಿನ ಪಾಲು ನಾಶವಾಯಿತು ಅಥವಾ ಸೆರೆಯಾಯಿತು’ ಎಂದಷ್ಟೇ. ಸೆರೆಯಾದ ದಕ್ಷಿಣದವರು ಬದುಕಿದ್ದರು ಎಂಬುದನ್ನು ಬಿಡಬೇಡಿ, ‘ಲಕ್ಷ ಜನ ಮುಳುಗಿದರು’ ಎನ್ನುವವರು ಅವರನ್ನೂ ಸಮುದ್ರಕ್ಕೆ ಸೇರಿಸಿರುತ್ತಾರೆ.